ಇಸೊಬೆಯ ಗುಂಗುರು ಕೂದಲು

ಒಕಿಹಾಮಾ ಬಂದರಿನ ಪೇಟೆ ಬೀದಿಯಲ್ಲಿ ನೊಜಿರಿ ಕಿಹೈಯ ಕ್ಷೌರದಂಗಡಿ. ಅವನ ಅಪ್ಪ, ಅಣ್ಣಂದಿರು ಎಲ್ಲರೂ ಟ್ಯೂನಾ ಹಿಡಿಯುವ ಹಡಗಿನವರು. ಇವನು ಮಾತ್ರ ಹಡಗು ಅಲುಗಿದರೆ ಸಾಕು ವಾಂತಿ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಮೀಸೆ ಮೂಡುವ ಮುಂಚೆಯೇ ಅವನನ್ನು ಕ್ಷೌರಿಕನ ಹತ್ತಿರ ಕೆಲಸಕ್ಕೆ ಬಿಟ್ಟರು. ಆ ಯಜಮಾನ ಕತ್ತರಿ ಹಿಡಿಯುವುದನ್ನು ಕಲಿಸಿದ, ಮಗಳು ಫುಸಾಳನ್ನು ಕೊಟ್ಟ, ಕೊನೆಗೆ ಅಂಗಡಿಯನ್ನೂ ಬಿಟ್ಟುಹೋದ. ನೊಜಿರಿ ಫುಸಾರಿಗೆ ಮಕ್ಕಳು ಮಾತ್ರ ಆಗಲಿಲ್ಲ. ನೊಜಿರಿಯ ಕೈ ಎಷ್ಟು ತಣ್ಣಗೋ ಹೊಟ್ಟೆ ಅಷ್ಟೇ ಉರಿ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಪಕ್ಕದ ಮೀನಿನಂಗಡಿಗೆ ಹೊಸ ಬೋರ್ಡು ಬಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಹುಟ್ಟುಗುಣ, ಏನು ಮಾಡುವುದು!

ಊರಿನ ಫುಟ್‌ಬಾಲ್ ತಂಡ ಮೊದಲು ಮೀನಿನ ಡಬ್ಬಿ ಕಾರ್ಖಾನೆಯದಾಗಿತ್ತು. ಹುಡುಗರು ಬೆಳಿಗ್ಗೆ ಡಬ್ಬಿಗೆ ಮುಚ್ಚಳ ಒತ್ತುವರು, ಮಧ್ಯಾಹ್ನ ಚೆಂಡು ಒದೆಯುವರು, ತಿಂಗಳಿಗೊಮ್ಮೆ ನೊಜಿರಿಯ ಕುರ್ಚಿಯಲ್ಲಿ ಕುಳಿತು ತಲೆ ಒಪ್ಪ ಮಾಡಿಸಿಕೊಳ್ಳುವರು. ಅವರಲ್ಲಿ ಇಸೊಬೆ ಮನಾಬು ಎಂಬವನ ತಲೆಯನ್ನು ನೊಜಿರಿ ಅವನ ಹಾಲುಹಲ್ಲಿನ ಕಾಲದಿಂದ ಬಲ್ಲ. ಇಸೊಬೆಯ ಅಪ್ಪ ವರ್ಷದಲ್ಲಿ ಬಹುಪಾಲು ಸಮುದ್ರದಲ್ಲೇ ಇರುತ್ತಿದ್ದ. ಹುಡುಗ ಶಾಲೆ ಬಿಟ್ಟವನೇ ಈ ಅಂಗಡಿಗೆ ಬಂದು ಫುಸಾ ಕೊಟ್ಟ ಅನ್ನದುಂಡೆ ತಿನ್ನುತ್ತ ಕೂರುತ್ತಿದ್ದ. "ಮಾವ" ಎನ್ನುತ್ತಿದ್ದ. ಆ ಕರೆಗೆ ನೊಜಿರಿ ಎದೆ ಉಬ್ಬಿಸುತ್ತಿದ್ದ.

ಅಷ್ಟರಲ್ಲಿ ಸಂಬಳಕ್ಕೆ ಚೆಂಡೊದೆಯುವ ಲೀಗ್ ಶುರುವಾಯಿತು. ಆ ವರ್ಷ ದೇಶಕ್ಕೇ ಹುಚ್ಚು ಹಿಡಿದಿತ್ತು. ಎಲ್ಲಿ ನೋಡಿದರೂ ಬಾವುಟ, ಕಹಳೆ, ಮುಖಕ್ಕೆ ಬಣ್ಣ. ಕಾರ್ಖಾನೆಯ ಹುಡುಗರು ಟಿವಿಯಲ್ಲಿ ಬಂದರು. ಇಸೊಬೆ ನಾಯಕನಾದ. ಅದೇ ವಸಂತದಲ್ಲಿ ನೊಜಿರಿಯ ಅಂಗಡಿಯ ಎದುರಿಗೇ ಒಂದು ಬ್ಯೂಟಿ ಸಲೂನ್ ಬಾಗಿಲು ತೆರೆಯಿತು. ಟೋಕಿಯೊದಲ್ಲಿ ಕೆಲಸ ಮಾಡಿ ಬಂದ ಹಟಾನೊ ರುಮಿ ಎಂಬವಳದು. ಬಂದ ದಿನವೇ ಅವಳು ಹೊಸ ಟವೆಲ್ಲೊಂದನ್ನು ಕಾಗದದಲ್ಲಿ ಸುತ್ತಿ ತಂದು, ಸೊಂಟ ಬಗ್ಗಿಸಿ, "ಯಜಮಾನ್ರೆ, ನಾನು ಚಿಕ್ಕವಳು, ತಪ್ಪಿದ್ರೆ ತಿದ್ದಿ" ಎಂದಳು.

ನೊಜಿರಿ ಟವೆಲ್ಲನ್ನು ಬೆಳಕಿಗೆ ಹಿಡಿದು ನೋಡಿದ. "ನೂಲು ತೆಳು" ಎಂದ, ಅವಳು ಹೋದ ಮೇಲೆ.

ಮರುವಾರ ಇಸೊಬೆ ಎದುರಿನ ಅಂಗಡಿಯಿಂದ ಹೊರಬಂದ. ತಲೆಯ ಮೇಲೆ ಜೋಳದ ನವಿರಿನ ಬಣ್ಣದ ಗುಂಗುರು, ಕಿವಿ ಮುಚ್ಚುವಷ್ಟು. ಬೀದಿ ದಾಟಿ ನೊಜಿರಿಯ ಬಾಗಿಲಿಗೆ ಬಂದು ತಲೆ ಕೆರೆದುಕೊಂಡ.

"ಮಾವ, ಬೇಜಾರ್ ಮಾಡ್ಕೋಬೇಡಿ. ಕ್ಲಬ್‌ನವ್ರೇ ಹೇಳಿದ್ದು. ಮೈದಾನದಲ್ಲಿ ದೂರದಿಂದ್ಲೂ ಕಾಣ್ಬೇಕಂತೆ."

"ಕಾಣಕ್ಕೆ ಕೂದ್ಲು ಬೇಕೇನೋ? ಗೋಲ್ ಹೊಡಿ, ಕಾಣ್ತೀಯ."

ಅವನು ನಕ್ಕು ಹೋದ. ನೊಜಿರಿ ಆ ದಿನ ಒಂದೇ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಸಂಜೆಯವರೆಗೆ ಮಸೆದ.

ಆಮೇಲೆ ತಂಡದವರೆಲ್ಲ ಒಬ್ಬೊಬ್ಬರಾಗಿ ಅತ್ತ ಹೊರಳಿದರು. ರುಮಿಯ ಕಿಟಕಿಯಲ್ಲಿ ಇಸೊಬೆಯ ಸಹಿ ಇದ್ದ ಚಿತ್ರ ಬಂತು. ಅದರ ಮುಂದೆ ಹೈಸ್ಕೂಲಿನ ಹುಡುಗಿಯರ ಗುಂಪು. ನೊಜಿರಿ ತನ್ನ ಕುರ್ಚಿಯಲ್ಲಿ ತಾನೇ ಕುಳಿತು ಕನ್ನಡಿಯಲ್ಲಿ ಅದನ್ನೆಲ್ಲ ನೋಡುತ್ತಿದ್ದ. ಅವನಿಗೆ ಉಳಿದಿದ್ದ ಸಮಾಧಾನ ಒಂದೇ: ಕ್ಷೌರದ ಕತ್ತಿ ಹಿಡಿದು ಗಂಡಸರ ಗಡ್ಡ ಹೆರೆಯುವ ಪರವಾನಗಿ ಕ್ಷೌರಿಕನಿಗೆ ಮಾತ್ರ. ಸಲೂನಿನವರಿಗಿಲ್ಲ. "ಕತ್ತಿ ಮುಟ್ಟೋ ಹಾಗಿಲ್ಲ ಅವ್ಳು" ಎಂದು ಗಿರಾಕಿಗಳಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದ.

ಒಮ್ಮೆ ಒಬ್ಬ ತಾಯಿ ಮಗನನ್ನು ಕರೆತಂದು, "ಸಲೂನಲ್ಲಿ ರಶ್ಶು. ಇಸೊಬೆ ತರ ಮಾಡ್ಬಿಡಿ" ಎಂದಳು. ನೊಜಿರಿ ಪಕ್ಕಕ್ಕೆ ಬೈತಲೆ ತೆಗೆದು, ಕಿವಿಯ ಮೇಲೆ ಸವರಿ, ಎಣ್ಣೆ ಹಚ್ಚಿ ಕೂರಿಸಿದ. ಹುಡುಗ ಕನ್ನಡಿ ನೋಡಿ ಅಳತೊಡಗಿದ.

"ಇದು ಇಸೊಬೆ ಅಲ್ಲ. ಸ್ಟೇಷನ್ ಮಾಸ್ಟ್ರು!"

"ಇದೇ ಕಣೋ ಇಸೊಬೆ. ಅಸಲಿ ಇಸೊಬೆ. ನಾನೇ ಮಾಡಿದ್ದು" ಎಂದು ನೊಜಿರಿ ಗದರಿದ. ತಾಯಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಒಂದು ಸಂಜೆ ಫುಸಾ ಮನೆಗೆ ಬಂದಾಗ ಮೂಗಿಗೆ ಅಡರುವ, ಕೂದಲು ಗುಂಗುರು ಮಾಡುವ ಔಷಧಿಯ ವಾಸನೆ. ಅವಳ ಕೂದಲು ಮೆತ್ತಗೆ ಅಲೆಯಾಗಿ ಕೂತಿತ್ತು.

"ಅವ್ಳ ಹತ್ರ ಹೋಗಿದ್ದೆಯಾ?"

"ಹೂಂ, ಹೋಗಿದ್ದೆ. ಇನ್ನೇನ್ರೀ, ನಿಮ್ಮತ್ರ ಬಂದು ಗಡ್ಡ ಹೆರೆಸ್ಕೊಳ್ಳಾ?" ಎಂದಳು ಫುಸಾ. "ಒಳ್ಳೇ ಹುಡುಗಿ. ನಿಮ್ ಬೆನ್ನು ನೋವು ಹೇಗಿದೆ ಅಂತ ಕೇಳಿದ್ಳು."

"ನನ್ ಬೆನ್ನು ಕಟ್ಕೊಂಡು ಅವ್ಳಿಗೇನು?"

ಬೆನ್ನಿಗಿಂತ ಹೊಟ್ಟೆ ಹೆಚ್ಚು ಉರಿಯುತ್ತಿತ್ತು. ರುಮಿ ಒಮ್ಮೆಯಾದರೂ ಜಗಳಕ್ಕೆ ಬಂದಿದ್ದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅವಳು ಪ್ರತಿ ಬೆಳಿಗ್ಗೆ ತನ್ನ ಬಾಗಿಲ ಮುಂದೆ ನೀರು ಚಿಮುಕಿಸುವಾಗ ಇವನ ಬಾಗಿಲಿಗೂ ಚಿಮುಕಿಸಿ, ತಲೆಬಾಗಿಸಿ ಒಳಗೆ ಹೋಗುತ್ತಿದ್ದಳು.

ಶರತ್ಕಾಲದ ಒಂದು ಶನಿವಾರ ಸಂಜೆ. ಎದುರಾಳಿ ಪಕ್ಕದ ಜಿಲ್ಲೆಯ ತಂಡ, ಹಳೇ ಹಗೆ. ನೊಜಿರಿಯ ಅಂಗಡಿಯ ಟಿವಿ ಮುಂದೆ ಮೀನಿನಂಗಡಿಯವನೂ ಇನ್ನಿಬ್ಬರೂ ಸೇರಿದ್ದರು. ಆ ಲೀಗಿನಲ್ಲಿ ಸಮಸಮ ಎಂಬ ಮಾತೇ ಇರಲಿಲ್ಲ. ಆಟ ಮುಗಿದರೂ ಸಮವಾಗಿದ್ದರೆ ಇನ್ನಷ್ಟು ಆಡಬೇಕು, ಆಗಲೂ ಇತ್ಯರ್ಥವಾಗದಿದ್ದರೆ ಪೆನಾಲ್ಟಿ ಒದೆತ. ಯಾರಾದರೂ ಒಬ್ಬರು ಸೋಲಲೇಬೇಕು. ಅಂದು ಪೆನಾಲ್ಟಿಗೆ ಬಂತು. ಕೊನೆಯದನ್ನು ಒದೆಯಲು ಇಸೊಬೆ ಬಂದ. ಅವನು ಚೆಂಡಿಟ್ಟು ಹಿಂದೆ ಸರಿಯುವಾಗ ಆ ಗುಂಗುರು ದೀಪದ ಬೆಳಕಿನಲ್ಲಿ ಹೊಳೆಯಿತು. ಟಿವಿಯವನು ಅದನ್ನೇ ಹತ್ತಿರದಿಂದ ತೋರಿಸಿದ.

ಗುರಿ ತಪ್ಪಲಿ, ಎಂದುಕೊಂಡ ನೊಜಿರಿ. ಯೋಚಿಸಿ ಅಂದುಕೊಂಡದ್ದಲ್ಲ. ಆ ಕೂದಲು ಕಂಡದ್ದೇ ತಡ, ಮಾತು ತಾನಾಗಿ ಒಳಗೆ ಎದ್ದಿತು.

ಚೆಂಡು ಅಡ್ಡಪಟ್ಟಿಗೆ ಬಡಿದು ಆಕಾಶಕ್ಕೆ ಹೋಯಿತು. ಊರಿನ ತಂಡ ಸೋತಿತು. ಮೀನಿನಂಗಡಿಯವನು ತಲೆ ಮೇಲೆ ಕೈಹೊತ್ತ. "ಅಯ್ಯಯ್ಯೋ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನೊಜಿರಿ.

ಸೋಮವಾರ ಬೀದಿಯ ಕ್ಷೌರದಂಗಡಿಗೂ ಸಲೂನಿಗೂ ರಜೆ. ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ನೋಡಿದರೆ ಇಸೊಬೆ, ಕಣ್ಣಿನ ಕೆಳಗೆ ಕಪ್ಪು.

"ಮಾವ, ರಜಾ ದಿನ ತೊಂದ್ರೆ ಕೊಟ್ಟೆ. ಎಲ್ಲಾ ತೆಗ್ದುಬಿಡಿ. ಒಂದೆಳೇನೂ ಉಳೀಬಾರ್ದು."

ತಪ್ಪಾದರೆ ತಲೆ ಬೋಳಿಸಿಕೊಂಡು ಊರ ಮುಂದೆ ನಿಲ್ಲುವುದು ಆ ಕಡೆಯ ಗಂಡಸರ ಕ್ಷಮಾಪಣೆ. ಅದನ್ನು ನೊಜಿರಿ ಎಷ್ಟೋ ಜನಕ್ಕೆ ಮಾಡಿ ಕಳಿಸಿದ್ದಾನೆ. ಆದರೆ ಆಗ ಅವನ ಕಿವಿಗೆ ಬಿದ್ದದ್ದು ಬೇರೆಯೇ. ಬಂದನಲ್ಲ! ಕಷ್ಟ ಬಂದಾಗ ನನ್ನ ಬಾಗಿಲಿಗೇ ಬಂದನಲ್ಲ! ಕುಣಿಯುವುದೊಂದು ಬಾಕಿ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆ ಹೊದಿಸಿ, ನೆಟ್ಟಗೆ ಹೋಗಿ, ಅಂಗಡಿ ತೆರೆದಿದೆ ಎಂದು ತೋರಿಸಲು ತಿರುಗುವ ಹೊರಗಿನ ಪಟ್ಟೆ ಕಂಬದ ಗುಂಡಿ ಒತ್ತಿದ. ಕೆಂಪು, ಬಿಳಿ, ನೀಲಿ ಪಟ್ಟೆಗಳು ರಜೆಯ ಬೀದಿಯಲ್ಲಿ ತಿರುಗತೊಡಗಿದವು.

"ಯಾಕ್ರೀ ಅದು? ಇವತ್ತು ರಜ ಅಲ್ವಾ?" ಎಂದು ಒಳಗಿನಿಂದ ಫುಸಾ ಕೇಳಿದಳು.

"ಇರ್ಲಿ ಬಿಡು, ತಿರುಗ್ಲಿ."

ಎದುರಿಗೆ ಸಲೂನಿನ ಮೇಲಂತಸ್ತಿನ ರುಮಿಯ ಮನೆಯಲ್ಲಿ ಪರದೆ ಸರಿದದ್ದು ಅವನಿಗೆ ಕಂಡಿತು. ನೋಡಲಿ, ಕಣ್ತುಂಬ ನೋಡಲಿ.

ಅವನು ಕತ್ತರಿ ಹಾಕಿದ. ಗುಂಗುರು ಗೊಂಚಲು ಗೊಂಚಲಾಗಿ ನೆಲಕ್ಕೆ ಬಿತ್ತು. ಒಂದೆರಡನ್ನು ಅವನು ಬೇಕೆಂದೇ ತುಳಿದ. ಮಶೀನು ಓಡಿಸಿದ, ಬಿಸಿ ಟವೆಲ್ ಸುತ್ತಿದ, ನೊರೆ ಹಚ್ಚಿದ. ಕತ್ತಿ ಹಣೆಯಿಂದ ಹಿಂದಕ್ಕೆ ಸಲೀಸಾಗಿ ಸರಿಯಿತು. ಕಿವಿಯ ಹಿಂದೆ ಹಳೆಯ ಗಾಯದ ಕಲೆ ಸಿಕ್ಕಿತು. ಬಂದರಿನ ಕಟ್ಟೆಯಿಂದ ಬಿದ್ದು ಮಾಡಿಕೊಂಡದ್ದು. ಅಂದು ಅವನನ್ನು ಹೊತ್ತು ಓಡಿದವನು ನೊಜಿರಿಯೇ.

"ಕೊನೆಗೂ ಕತ್ತಿ ಬೇಕಾಯ್ತು ನೋಡು" ಎಂದ, ನಗು ತಡೆಯಲಾಗದೆ. "ಸಲೂನಿನವ್ರ ಕೈಲಿ ಎಲ್ಲಾಗತ್ತೆ ಇದು? ನೇರ ಇಲ್ಲಿಗೇ ಬಂದ್ಯಲ್ಲ, ಒಳ್ಳೇದಾಯ್ತು."

ಇಸೊಬೆ ಕಣ್ಣು ಮುಚ್ಚಿಕೊಂಡೇ ಇದ್ದ. "ಇಲ್ಲ ಮಾವ. ನಿನ್ನೆ ರುಮಿ ಅಕ್ಕನ ಹತ್ರಾನೇ ಹೋಗಿದ್ದೆ. ಮಶೀನಲ್ಲೇ ತೆಗೀರಿ, ಸಾಕು ಅಂದೆ. ಮಶೀನ್ ಹಿಡ್ಕೊಂಡ್ರು, ಆಮೇಲೆ ಅಳಕ್ಕೆ ಶುರು ಮಾಡ್ಬಿಟ್ರು. ಕೈ ನಡುಗ್ತಿತ್ತು. ನನ್ನಿಂದಾಗಲ್ಲ ಕಣಪ್ಪ, ನೊಜಿರಿ ಯಜಮಾನ್ರ ಹತ್ರ ಹೋಗು, ಅವ್ರಿಗೆ ಕೈ ನಡುಗಲ್ಲ ಅಂದ್ರು."

ಕತ್ತಿ ನಿಂತಿತು. ಕನ್ನಡಿಯಲ್ಲಿ ನೊಜಿರಿಗೆ ತನ್ನ ಮುಖ ಕಂಡಿತು. ತುಟಿಯ ಮೂಲೆಯಲ್ಲಿ ಇನ್ನೂ ನಗು ಉಳಿದಿತ್ತು. ಅದರ ಕೆಳಗೆ ನೊರೆ ಮೆತ್ತಿದ ಬೋಳುತಲೆ, ಅನ್ನದುಂಡೆ ತಿನ್ನುತ್ತಿದ್ದ ಹುಡುಗನ ತಲೆ. ಆ ತಲೆ ಸೋತು ಬಂದಿದೆ ಎಂಬುದು ಇಷ್ಟು ಹೊತ್ತೂ ಅವನಿಗೆ ಹೊಳೆದಿರಲೇ ಇಲ್ಲ.

ಉಳಿದದ್ದನ್ನು ಹೆರೆದ. ಕೈ ನಡುಗಲಿಲ್ಲ. ನಡುಗಲಿ ಎಂದು ಕಾದ, ಆದರೂ ನಡುಗಲಿಲ್ಲ.

ತಲೆ ಒರೆಸಿ ಬಿಟ್ಟಾಗ ಇಸೊಬೆ ಬೋಳು ನೆತ್ತಿಯನ್ನು ಸವರಿಕೊಂಡು, "ತಣ್ಣಗಿದೆ ಮಾವ" ಎಂದ. ಬಾಗಿ ವಂದಿಸಿ, ಟೋಪಿ ಹಾಕದೆಯೇ ಬೀದಿಗಿಳಿದು ಕ್ಲಬ್ಬಿನ ಕಡೆ ನಡೆದ. ನೊಜಿರಿ ಬಾಗಿಲಿಗೆ ಬಂದ. ಎದುರಿಗೆ ರುಮಿ ನಿಂತಿದ್ದಳು. ಮುಖ ಊದಿಕೊಂಡಿತ್ತು, ಕಣ್ಣು ಕೆಂಪಾಗಿತ್ತು. ಸೋತವಳ ಮುಖವನ್ನು ನೋಡಬೇಕೆಂದು ಅವನು ವಸಂತದಿಂದ ಕಾದಿದ್ದ. ಅವಳು ಅವನಿಗೆ ಸೊಂಟದವರೆಗೆ ಬಾಗಿ, ತನ್ನ ಮನೆಯ ಹುಡುಗನಿಗೆ ಉಪಕಾರ ಮಾಡಿದವರಿಗೆ ಬಾಗುವ ಹಾಗೆ ಬಾಗಿ, ಬಹಳ ಹೊತ್ತು ಹಾಗೆಯೇ ಇದ್ದಳು.

ನೊಜಿರಿ ಗುಂಡಿ ಒತ್ತಿ ಕಂಬವನ್ನು ನಿಲ್ಲಿಸಿದ. ಗುಂಗುರನ್ನು ಗುಡಿಸುತ್ತ, ಒಂದು ಹನಿಯಾದರೂ ಬರಲಿ ಎಂದು ಕಣ್ಣು ಒತ್ತಿಕೊಂಡ. ಒಣಗಿತ್ತು. ಗಿರಾಕಿಗಳು ಹೋಗಿದ್ದಕ್ಕೆ, ಕಿಟಕಿಯ ಚಿತ್ರಕ್ಕೆ, ಹೆಂಡತಿಯ ಕೂದಲಿಗೆ, ಎಲ್ಲಕ್ಕೂ ಅವನು ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದ. ಆದರೆ ಅವಳು ಅತ್ತಳಲ್ಲ, ಆ ಅಳುವಿಗೆ ಪಟ್ಟಷ್ಟು ಯಾವುದಕ್ಕೂ ಪಟ್ಟಿರಲಿಲ್ಲ. ಅದು ಅವನು ಅಳಬೇಕಾಗಿದ್ದ ಅಳು.