ಖೋಲಿಯೊಳಗೆ ಬಂದ ರುಬ್ಬುವ ಕಲ್ಲು

ಮೊನ್ನೆ ರಾತ್ರಿ ಮುಚ್ಚಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಒರೆಸಲು ಬಗ್ಗಿದವಳಿಗೆ ಆ ಹುಳಿ ವಾಸನೆಯಿಂದ ಅಕ್ಕ ನೆನಪಾದರು...

ಐವತ್ತರ ದಶಕವದು. ನಾನು ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ, ಘಾಟ್ಕೋಪರಿನ ಚಾಳಿಗೆ ಬಂದ ಹೊಸತು. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು ಉಡುಪಿ ಕಡೆಯವರು, ನಮ್ಮ ಮಾಳಿಗೆಯ ಕೊನೆಯ ಖೋಲಿಯಲ್ಲಿದ್ದರು. ಗಂಡ ಫೋರ್ಟಿನ ಹೋಟೆಲಿನಲ್ಲಿ ಅಡುಗೆಯವರು. ಊರಿನಿಂದ ಹಡಗಿನಲ್ಲಿ ಹೇರಿಸಿ ತಂದ ಅಕ್ಕನ ರುಬ್ಬುವ ಕಲ್ಲು ಖೋಲಿಗಳ ಮುಂದಿನ ಗ್ಯಾಲರಿಯ ನಡುವೆ ಕೂತಿತ್ತು. ಮಧ್ಯಾಹ್ನ ಊಟ ಮುಗಿದರೆ ಹೆಂಗಸರೆಲ್ಲ ಅಲ್ಲೇ. ಒಬ್ಬರು ರುಬ್ಬುವುದು, ಉಳಿದವರು ಸರದಿ ಕಾಯುತ್ತ ಹರಟುವುದು. ರೊಟ್ಟಿ ಬಡಿದ ನನ್ನ ಕೈಗೆ ಉದ್ದು ರುಬ್ಬಲು ಕಲಿಸಿದ್ದು ಅವರೇ. ಅಷ್ಟು ದೊಡ್ಡ ಊರಲ್ಲಿ ನನಗೆ ತವರು ಅಂತ ಇದ್ದದ್ದು ಆ ಕಲ್ಲಿನ ಸುತ್ತ ಮಾತ್ರ.

ಕೆಳಗಿನ ಖೋಲಿಗೆ ಹೊಸಬನೊಬ್ಬ ಬಂದ. ಭಾಂಡುಪಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ. ಹಗಲು ಬಾಗಿಲ ಮುಂದೆ ಚಾಪೆ ಹಾಸಿ, ಸರಿಯಾಗಿ ನಮ್ಮ ಕಲ್ಲಿನ ಕೆಳಗೇ ಮಲಗುವವನು. ಒಂದು ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದು, ಮಾಲೀಕನಿಗೆ ಹೇಳಿ ಕಲ್ಲನ್ನು ಹೊರಗೆ ಹಾಕಿಸುತ್ತೇನೆಂದು ಕೂಗಾಡಿ ಹೋದ. ನನಗೆ ಎಲ್ಲಿತ್ತೋ ಸಿಟ್ಟು!

“ಇದೇನ್ ಇವ್ರಪ್ಪನ ಚಾಳೇನ್ರೀ? ಹೆಂಗ್ ತಗಸ್ತಾನ, ನಾನೂ ನೋಡ್ತೀನಿ!” ಎಂದೆ.

“ಸ್ವಲ್ಪ ತಡಿ ಮಾರಾಯ್ತಿ,” ಎಂದರು ಅಕ್ಕ. “ನಾನು ಕೆಳಗೆ ಹೋಗಿ ಬರ್ತೇನೆ. ನೀನು ರುಬ್ತಾ ಇರು.”

ನಾನು ಹಟಕ್ಕೆ ಬಿದ್ದು ಗಡಗಡ ತಿರುಗಿಸಿದೆ. ಅಕ್ಕ ಅವನ ಚಾಪೆಯ ಪಕ್ಕ ಕೂತು ಆ ಸದ್ದು ಕೇಳಿಸಿಕೊಂಡು ಬಂದರು. ಮುಖ ಸಣ್ಣಗಾಗಿತ್ತು.

“ತಲೆಯೊಳಗೇ ತಿರುಗಿದ ಹಾಗೆ ಆಗ್ತದೆ. ಪಾಪ, ಅವ ನಿದ್ದೆ ಮಾಡುವುದಾದರೂ ಹೇಗೆ?”

ಮರುದಿನ ಕಲ್ಲು ಅಕ್ಕನ ಖೋಲಿಯೊಳಗೆ ಹೋಯಿತು. ಅದರ ಕೆಳಗಿದ್ದದ್ದು ಇದ್ದಿಲಿನ ಅಂಗಡಿ, ಮಲಗುವವರು ಯಾರೂ ಇರಲಿಲ್ಲ. ಆದರೆ ಅವರಿಗೆ ಇದ್ದದ್ದೇ ಒಂದು ಖೋಲಿ! ಅಡುಗೆ, ನಿದ್ದೆ, ದೇವರು ಎಲ್ಲ ಅಲ್ಲೇ. ಇನ್ನೊಬ್ಬರ ಸಂಸಾರದೊಳಗೆ ದಿನಾ ನುಗ್ಗುವುದು ಹೇಗೆ, ನಮ್ಮ ಕೂಟ ಮುಗಿದಂತೆಯೇ ಎಂದು ನನಗೆ ಅಳುವೇ ಬಂತು. ಅಕ್ಕಿಪಾತ್ರೆ ಹಿಡಿದು ಹೊಸ್ತಿಲಾಚೆ ನಿಂತವರನ್ನು ಅಕ್ಕ ಗದರಿಸಿದರು.

“ಎಂತ, ನೆಂಟರ ಹಾಗೆ ನಿಂತದ್ದು? ಒಳಗೆ ಬನ್ನಿ!”

ಆಮೇಲೆ ಅವರ ನೆಲ ಸಂಜೆಯವರೆಗೂ ಒದ್ದೆ. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ ಪುಣ್ಯಾತ್ಗಿತ್ತಿ. ಕೆಲವು ದಿನಕ್ಕೆ ಕೆಳಗಿನವನ ಹೆಂಡತಿಯೂ ನೆನೆಸಿದ ಬೇಳೆ ಹಿಡಿದು ಬಂದಳು. ಅಕ್ಕ ಅವಳನ್ನೇ ಮೊದಲು ಕೂರಿಸಿದರು. ನಾನು ಗೊಣಗುತ್ತಲೇ ಸರದಿ ಬಿಟ್ಟುಕೊಟ್ಟೆ.

ಮುಂದೆ ಅಕ್ಕ ಕಲ್ಲನ್ನು ನಮಗೇ ಬಿಟ್ಟು ಊರು ಸೇರಿದರು. ಈಗ ಆ ಚಾಳೂ ಇಲ್ಲ, ಬಿಲ್ಡಿಂಗ್ ಎದ್ದಿದೆ. ಅಂಥವರ ನೆರೆ ಸಿಕ್ಕಿತ್ತಲ್ಲ, ನನ್ನ ಪುಣ್ಯ ದೊಡ್ಡದು. ಆದರೂ ಅವರಿಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ... ಅಕ್ಕ ತೀರಿಹೋದ ಸುದ್ದಿ ಊರಿನಿಂದ ಬಂದದ್ದು, ನಾವಿನ್ನೂ ಚಾಳಿನಲ್ಲಿದ್ದಾಗ, ಒಂದು ಮಧ್ಯಾಹ್ನ. ಕೆಳಗಿನವನಿಗೂ ಹೇಳಲೆಂದು ಅಳುತ್ತಲೇ ಓಡಿದೆ. ಅವನು ಪಾಳಿ ಮುಗಿಸಿ ಬಂದು ಮಲಗಿದ್ದ. ಎಬ್ಬಿಸಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವನು ತಾನಾಗಿ ಏಳುವವರೆಗೂ ಆ ಚಾಪೆಯ ಪಕ್ಕ ಕೂತಿದ್ದೆ.