ಬಾಗಿಲ ಮೇಲಿನ ಎರಡು ಮೊಳೆ

ಮಾರ್ಚ್‌ನಲ್ಲಿ ಕೆಲಸ ಹೋದಂದಿನಿಂದ ಲಂಡನ್ನಿನ ಪಿನ್ನರ್‌ನ ಶಶಿಧರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶನಿವಾರ, ಭಾನುವಾರ ಇಡೀ ಮನೆಯನ್ನು ಬಾಡಿಗೆಗೆ ಬಿಟ್ಟು, ಆ ಎರಡು ದಿನ ಊರಿನ ಇನ್ನೊಂದು ತುದಿಯ ಇಲ್ಫರ್ಡ್‌ನಲ್ಲಿ ಹೆಂಡತಿಯ ತಮ್ಮ ಪರಪ್ಪನ ಫ್ಲಾಟಿನಲ್ಲಿ ಇರುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಮಂದಿಗೆ ಗೊತ್ತಾಗಬಾರದು. ಹದಿನಾಲ್ಕು ವರ್ಷ ಕನ್ನಡದವರನ್ನೆಲ್ಲ ದೀಪಾವಳಿಗೆ ಕರೆದು ಹೋಳಿಗೆ ಬಡಿಸಿದ ಮನೆ. 'ಅಯ್ಯೋ ಪಾಪ' ಅಂತ ಒಬ್ಬರು ಅಂದರೂ ಅವನಿಗೆ ಜೀವ ಹೋದಂತಾಗುತ್ತಿತ್ತು.

ಬಾಡಿಗೆಯ ವೆಬ್‌ಸೈಟಿನಲ್ಲಿ ಫೋಟೋ ಹಾಕದೆ ಯಾರು ಬರುತ್ತಾರೆ? ತೊಂಬತ್ತು ವರ್ಷದ ಮನೆಯ ಮುಂಭಾಗ ಚಂದ ಕಾಣಬೇಕು, ಯಾರದೆಂದು ಮಾತ್ರ ತಿಳಿಯಬಾರದು. ಕಸದ ಬಿನ್ನುಗಳನ್ನು ಪಕ್ಕಕ್ಕೆ ತಳ್ಳಿದ. ಬಾಗಿಲ ತೋರಣ ಬಿಚ್ಚಿದ. ಕೆಂಪು ಮೆಟ್ಟಿಲ ಮೇಲಿದ್ದ ತುಳಸಿ ಕುಂಡವನ್ನು ಹಿತ್ತಲ ಶೆಡ್ಡಿಗೆ ಸಾಗಿಸಿದ. ಬಿಸಿಲು ಬಂತೆಂದು ಓಡಿದರೆ ಎದುರಿಗೆ ಯಾರದೋ ವ್ಯಾನು, ವ್ಯಾನು ಹೋಯಿತೆಂದರೆ ಮೋಡ.

"ಒಳಗ ಬಂದು ಎರಡು ರೊಟ್ಟಿ ತಿನ್ರಿ. ಮನಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದಳು ಹೆಂಡತಿ ಸುವರ್ಣಾ. "ತುಳಸಿನ ಕತ್ತಲಾಗ ಇಡಬ್ಯಾಡ್ರಿ."

"ಎರಡ ದಿನ ಅಷ್ಟ."

ಎರಡು ದಿನ ಹದಿನೈದಾಯಿತು. ತೆಗೆದದ್ದು ಯಾವುದೂ ಮನಸ್ಸಿಗೆ ಬಾರದೆ ಅವನು ದಿನಾ ಹೊಸ ಫೋಟೋ ಹಾಕುತ್ತಿದ್ದ. ಸುವರ್ಣಾ ದಿನಾ ಶೆಡ್ಡಿಗೆ ಹೋಗಿ ತುಳಸಿಗೆ ನೀರೆರೆದು, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲೇ ಕೈಮುಗಿದು ಬರುತ್ತಿದ್ದಳು.

ಮೊದಲ ಬುಕಿಂಗ್ ಸಿರಿಶಾ ಎಂಬ ಹೆಸರಿನಲ್ಲಿ ಬಂತು. ನಮ್ಮ ಕಡೆಯ ಹೆಸರು. ತೆಲುಗಿನವರಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶನಿವಾರ ಮಧ್ಯಾಹ್ನ ಬ್ಯಾಗು ಹೆಗಲಿಗೇರಿಸಿ ಹೊರಟವನು, ಕಾಲೊರಸು ಸೊಟ್ಟಗಿದೆಯೆಂದು ಮೂರನೇ ಸಲ ವಾಪಸು ಬಂದ. ಅಷ್ಟರಲ್ಲಿ ಕ್ಯಾಬು ನಿಂತಿತು. ಇಳಿದವರು ಕಲಬುರಗಿ ಕಡೆಯ ವಿಶಾಲಾಕ್ಷಿ, ಒಂದು ದೀಪಾವಳಿ ಊಟವನ್ನೂ ತಪ್ಪಿಸಿಕೊಳ್ಳದ ಹಿರಿಯರು. ಹಿಂದೆ ಊರಿನಿಂದ ಬಂದ ಅವರ ತಂಗಿ, ತಂಗಿಯ ಮಗಳು ಸಿರಿಶಾ.

ಶಶಿಧರ ಹೆಗಲ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದ. "ಅಕ್ಕಾರ, ನಾವು ಹಿಂಗ... ಸ್ವಲ್ಪ ದಿನ..."

"ಫೋಟೋ ನೋಡಿದ ಕೂಡ್ಲೇ ಗೊತ್ತಾತು ತಮ್ಮಾ. ತೋರಣದ ಮೊಳಿ ಎರಡೂ ಹಂಗೇ ಅವ. ಈ ಊರಾಗ ಬಾಗಲ ಮ್ಯಾಲ ಮೊಳಿ ಯಾರು ಹೊಡೀತಾರ?" ಅಂದರು ವಿಶಾಲಾಕ್ಷಿ. "ನಮ್ದು ಒಂದೇ ಖೋಲಿ ಮನಿ. ಹೋಟೆಲಿನಾಗ ನಮ್ಮ ತಂಗಿಗಿ ಒಗ್ಗರಣಿ ಹಾಕ್ಲಾಕ ಬಿಡ್ತಾರೇನು? ಅದಕ್ಕ ನಾನೇ ಇದನ್ನ ಬುಕ್ ಮಾಡಿಸ್ದೆ."

ಪಾಪ ಎನ್ನುವ ಮುಖ ಅದಲ್ಲ. ಅವನು ಹುಡುಕಿ ನೋಡಿದ, ಇರಲಿಲ್ಲ. ಅವರ ಕಣ್ಣು ಮೆಟ್ಟಿಲ ಮೇಲೆ ಕುಂಡ ಬಿಟ್ಟ ದುಂಡು ಕಲೆಯ ಮೇಲಿತ್ತು.

"ತುಳಸಿ ಎಲ್ಲಿ?"

ಶಶಿಧರ ಬ್ಯಾಗು ಇಳಿಸಿ ಶೆಡ್ಡಿಗೆ ಹೋದ. ಅರ್ಧ ಎಲೆ ಹಳದಿಯಾಗಿದ್ದ ಗಿಡವನ್ನು ಎತ್ತಿಕೊಂಡು ಬಂದು ಆ ಕಲೆಯ ಮೇಲೇ ಇಟ್ಟ.

"ಬಿಸಿಲಿಗಿ ಚಿಗೀತದ ಬಿಡು" ಅನ್ನುತ್ತ ವಿಶಾಲಾಕ್ಷಿ ಚಪ್ಪಲಿ ಕಳಚಿ, ತುಳಸಿಗೆ ಕೈಮುಗಿದು ಒಳಗೆ ಹೋದರು.

ಶಶಿಧರ ಕುಂಡದ ಪಕ್ಕ ಮೆಟ್ಟಿಲ ಮೇಲೆ ಕೂತ. ಗೇಟಿನ ಬಳಿಯಿಂದ ಸುವರ್ಣಾ ಕರೆದಳು, "ರೀ, ಟ್ರೇನಿಗೆ ಹೊತ್ತಾತು."

ಅವನು ಏಳಲಿಲ್ಲ. ಫೋನು ತೆಗೆದು ಅವಳತ್ತ ಚಾಚಿದ. "ಒಂದು ಫೋಟೋ ತಗಿ. ತುಳಸಿನೂ ಬರ್ಲಿ, ನಾನೂ ಬರ್ಲಿ."