ಮೋಡದ ದಿನ ಕೆರೆಗೆ ಸುರಿದ ಬಗ್ಗಡ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಕೆರೆಗೆ ಕಾಟ್ಲಾ ಮೀನಿನ ಮರಿ ಬಿಟ್ಟವನು ನಾನು. ವಾರಕ್ಕೊಮ್ಮೆ ಸಗಣಿ ಬಗ್ಗಡ ಸುರಿದು ನೀರನ್ನು ಹಸಿರು ಮಾಡಿದೆ. ಆ ಹಸಿರೇ ಮೀನಿನ ಮೇವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೆರೆ ನೋಡಲು ಜನ ಬಂದು ಹೋಗುತ್ತಿದ್ದರು.

ಮಾರ್ಚಿನಲ್ಲಿ ಮಗಳು ರಜೆಗೆ ಬಂದಳು. ಮಂಗಳೂರಿನಲ್ಲಿ ಸಮುದ್ರದ ನೀರಿನ ವಿಷಯ ಓದುತ್ತಾಳೆ. ಒಂದು ಬೆಳಿಗ್ಗೆ ಮೂರು ಬಾಟಲಿಗೆ ಕೆರೆ ನೀರು ತುಂಬಿದಳು. ಒಂದಕ್ಕೆ ಆಗಲೇ ಔಷಧದ ಹನಿ ಹಾಕಿ ಎತ್ತಿಟ್ಟಳು. ಇನ್ನೊಂದನ್ನು ಹಾಗೇ, ಮೂರನೆಯದನ್ನು ಕಪ್ಪು ಬಟ್ಟೆ ಸುತ್ತಿ, ಹಗ್ಗ ಕಟ್ಟಿ ಕೆರೆಗೆ ಇಳಿಬಿಟ್ಟಳು.

“ಏನವ್ವ, ನೀರಿಗೆ ಚಳಿ ಅಂತ ಹೊದಿಸ್ತಿದ್ದೀಯಾ?” ಎಂದೆ.

“ಅಪ್ಪಾ, ಬೆಳಕಿದ್ರೆ ಈ ಹಸಿರು ಪಾಚಿ ಮೀನು ಉಸಿರಾಡೋ ಗಾಳಿ ಮಾಡುತ್ತೆ. ಕತ್ತಲಾದ್ರೆ ಅದೇ ಗಾಳಿ ತಿನ್ನುತ್ತೆ. ನಡುಸಮುದ್ರದಲ್ಲೂ ಹಿಂಗೇ ಬಾಟ್ಲಿ ಇಳಿಸಿ ನೋಡ್ತಾರೆ. ಮಾಡಿದ್ದು ಹೆಚ್ಚೋ ತಿಂದಿದ್ದು ಹೆಚ್ಚೋ ಅಂತ ದೊಡ್ಡ ದೊಡ್ಡೋರೇ ಇನ್ನೂ ಜಗಳ ಆಡ್ತಾರೆ.”

“ಅವರು ಆಡ್ಕಳ್ಳಿ. ಹಸಿರು ಗಾಳಿ ಕೊಡುತ್ತೆ ಅಂತ ನಾನೂ ಓದಿದೀನಿ. ಹೆಚ್ಚು ಹಸಿರು, ಹೆಚ್ಚು ಗಾಳಿ. ಮುಗೀತು.”

ಅವತ್ತು ದಿನವಿಡೀ ಮೋಡ. ಸಂಜೆ ಉಳಿದೆರಡು ಬಾಟಲಿಗೂ ಹನಿ ಹಾಕಿದಳು. ನೀರಿನಲ್ಲಿ ಗಾಳಿ ಇದ್ದಷ್ಟೂ ಕಂದು ಬಣ್ಣ ಬರುತ್ತದಂತೆ. ಬೆಳಗಿನದು ಕಂದಾಗಿತ್ತು. ಬೆಳಕಿಗೆ ಬಿಟ್ಟದ್ದು ಅದಕ್ಕಿಂತ ಪೇಲವ. ಕಪ್ಪು ಬಟ್ಟೆಯದು ಸುಣ್ಣದ ನೀರಿನಂತೆ ಬಿಳಿ.

“ಇವತ್ತು ಹಗಲಲ್ಲೇ ಗಾಳಿ ಸಾಲ್ಲಿಲ್ಲ ಅಪ್ಪ. ಬಿಸಿಲು ಬರೋ ತನಕ ಬಗ್ಗಡ ಹಾಕ್ಬೇಡ, ಅದು ಕೊಳೀತಾ ಇರೋ ಗಾಳಿನೂ ತಿನ್ನುತ್ತೆ, ಮೀನು ಉಳಿಯಲ್ಲ.”

ಮಾರ್ಚಿನ ಮೋಡವೆಂದರೆ ಕಾಫಿಯವನಿಗೆ ಹಬ್ಬ. ಕಾಫಿ ಹೂ ಅರಳಿಸುವ ಹೂಮಳೆಗೆ ಬಾಯಿಬಿಟ್ಟು ಕಾಯುವವರು ನಾವು. ಮೋಡಕ್ಕೆ ಹೆದರು ಎಂದರೆ ನಗು ಬಂತು. ಮರುದಿನವೂ ಕವಿದಿತ್ತು. ಅವಳು ಒಳಗಿದ್ದಾಗ ಎಂಟು ಬಕೆಟ್ ಸುರಿದೆ.

ಅದರ ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೆಂಡತಿ ಕೆರೆಯಿಂದ ಕೂಗಿದಳು: “ರೀ, ಬನ್ರೀ! ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಾವೆ!”

ನೀರಿನ ತುಂಬ ದುಂಡನೆಯ ಬಾಯಿಗಳು. ಮಗಳು ಓಡಿ ಬಂದಳು.

“ಬಗ್ಗಡ ಹಾಕಿದ್ಯಾ?”

“ಇಲ್ಲ,” ಎಂದೆ.

“ಹಂಗಾದ್ರೆ ಬಿಸಿಲು ಏರ್ಲಿ, ಪಾಚಿನೇ ಸರಿ ಮಾಡುತ್ತೆ. ಈಗ ತೋಟದ ಪಂಪ್ ಹಾಕಿ ನೀರು ಹಾರಿಸಿದ್ರೆ ತಳದ ಕೊಳಕು ಕದಡುತ್ತೆ.”

ಕಾದೆವು. ಬಿಸಿಲು ಬರಲಿಲ್ಲ. ದಡದ ಹತ್ತಿರ ಒಂದು ಬಿಳಿ ಹೊಟ್ಟೆ ಮೇಲೆ ತಿರುಗಿತು. ಆಮೇಲೆ ಮೂರು. ಹೆಂಡತಿ ಕೆರೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಡುನೀರಿನಲ್ಲೂ ಬಿಳಿ ಕಾಣಿಸಿತು.

“ಹಾಕಿದೀನಿ ಕಣವ್ವ,” ಎಂದೆ. “ಎಂಟು ಬಕೆಟ್.”

ಅವಳು ಬೈಯಲಿಲ್ಲ. “ಹಂಗಾದ್ರೆ ಕಾಯೋಕಾಗಲ್ಲ. ತೋಟದ ಜೆಟ್ ಈ ಕಡೆ ತಿರುಗ್ಸು. ಬೇಗ!”

ಮಳೆ ತಪ್ಪಿದರೆ ಕಾಫಿ ಹೂವಿಗೆ ನೀರು ಹಾರಿಸಲು ತೋಟದಲ್ಲಿ ಪೈಪು ಎಳೆದಿದ್ದೆ. ಅದರ ತುದಿಯ ಜೆಟ್ ಬಿಚ್ಚಿ ದಡಕ್ಕೆ ತಂದು, ಡೀಸೆಲ್ ಪಂಪ್ ಚಾಲೂ ಮಾಡಿದೆ. ಕೆರೆಯ ನೀರು ಮೇಲೆ ಹಾರಿ, ಗಾಳಿ ಹಿಡಿದುಕೊಂಡು ಕೆರೆಗೇ ಬಿತ್ತು. ಬದುಕಿದ್ದ ಮೀನುಗಳು ಆ ನೀರು ಬೀಳುವ ಕಡೆ ಗುಂಪುಗೂಡಿದವು.

ಹತ್ತು ಗಂಟೆಗೆ ಬಾಯಿಗಳು ಕೆಳಗಿಳಿದವು. ಸತ್ತವು ಎರಡು ಕುಕ್ಕೆ.

“ನೀ ಕೇಳಿದ ತಕ್ಷಣ ಹೇಳಿದ್ದಿದ್ರೆ ಇವು ಉಳೀತಿದ್ವಾ?” ಎಂದೆ.

ಮಗಳು ಕುಕ್ಕೆ ನೋಡಿದಳು. “ಅರ್ಧನಾದ್ರೂ ಉಳೀತಿದ್ವು ಅಪ್ಪ.”

ಅವನ್ನು ಹೂಳಲು ಕಾಫಿ ಬುಡದಲ್ಲಿ ಗುಂಡಿ ತೋಡತೊಡಗಿದೆ. ಅವಳು ಗುದ್ದಲಿಗೆ ಕೈ ಚಾಚಿದಳು. ಕೊಡಲಿಲ್ಲ.